ಕೋಲು ಬಾಗಿತೆಂದು ಕಲ್ಲು ಒಡೆಯಬೇಡಿ

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನು ಕುರಿತು ಬರೆಯುವೆವೆಂದು ಒಪ್ಪಿಕೊಂಡಿದ್ದೆವು. ಆ ವಿಷಯವನ್ನು ಬದಿಗಿಟ್ಟು ಬೇರೊಂದನ್ನು ಕೈಗೆತ್ತಿಕೊಂಡಿರುವುದಕ್ಕೆ ಬಲವಾದ ಕಾರಣವಿದೆ. ಮೊದಲು ಅದನ್ನೇ ಅರಿಕೆ ಮಾಡಿಕೊಳ್ಳುತ್ತೇವೆ.

ಮಡಕಶಿರಾ ಸೀಮೆಯ ಒಂದು ಹಳ್ಳಿಯ ಕೆರೆ ಏರಿಯ ಮೇಲೆ ಆಳೆತ್ತರದ ವೀರಗಲ್ಲೊಂದಿತ್ತು. ಕೆಳಗಿನ ಪಟ್ಟಿಕೆಯಲ್ಲಿ ತುರುಗಳನ್ನು ಬಿಡಿಸಲು ಹೋರಾಡುವ ವೀರ, ನಡುವಣ ಪಟ್ಟಿಕೆಯಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಪಟ್ಟಿಕೆಗಳ ನಡುವೆ ಮೂರು ಸಾಲು ಹಳಗನ್ನಡ. ನಾವು ಕೆಲಸದಲ್ಲಿದ್ದಷ್ಟು ಕಾಲವೂ ವರ್ಷಕ್ಕೊಮ್ಮೆ ಏಳನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ, ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸಿ, ಸವೆದ ಅಕ್ಷರಗಳ ಮೇಲೆ ಬೆರಳಾಡಿಸಿ ಓದಿಸುತ್ತಿದ್ದೆವು. ತೆಲುಗಿನ ಆಡಳಿತದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ‘ನಿಮ್ಮ ನುಡಿ ಈ ನೆಲಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ’ ಎಂದು ಹೇಳಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಕಳೆದ ಚಳಿಗಾಲದ ಒಂದು ಅಮಾವಾಸ್ಯೆಯ ರಾತ್ರಿ ಯಾರೋ ಆ ಕಲ್ಲನ್ನು ಕಿತ್ತು ಉರುಳಿಸಿ, ಅದರ ಬುಡದಲ್ಲಿ ಆಳುದ್ದದ ಗುಂಡಿ ತೋಡಿದರು. ಕಲ್ಲು ಮೂರು ತುಂಡಾಯಿತು. ಬೆಳಗ್ಗೆ ನಾವು ಹೋಗಿ ನೋಡಿದಾಗ ಗುಂಡಿಯ ಅಂಚಿನಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ, ಉರಿದು ಮುಗಿದ ಕರ್ಪೂರದ ಕಲೆ ಇದ್ದವು. ಊರವರು ಹೇಳಿದ ಸಂಗತಿ ಇದು: ಹದಿನೈದು ದಿನಗಳ ಹಿಂದೆ ಹೊರಗಿನವನೊಬ್ಬ ಎರಡು ತಾಮ್ರದ ಸರಳುಗಳನ್ನು ಮುಂಚಾಚಿ ಹಿಡಿದು ಏರಿಯ ಮೇಲೆ ನಡೆದಾಡಿದ್ದನಂತೆ. ವೀರಗಲ್ಲಿನ ಎದುರಿಗೆ ಬಂದಾಗ ಸರಳುಗಳೆರಡೂ ಒಂದರ ಮೇಲೊಂದು ಕೂಡಿದವಂತೆ. ‘ಇಲ್ಲಿ ಹೊನ್ನಿದೆ’ ಎಂದನಂತೆ. ಗುಂಡಿಯಲ್ಲಿ ಸಿಕ್ಕಿದ್ದು ಏರಿಗೆ ಹಾಕಿದ್ದ ಹಳೆಯ ಜೇಡಿಮಣ್ಣು.

ಅಂದಿನಿಂದ ಈ ಕೋಲಿನ ವಿಷಯದಲ್ಲಿ ಸುಮ್ಮನಿರಬಾರದೆಂದು ನಿಶ್ಚಯಿಸಿದೆವು. ಬೇವಿನದೋ ಹೊಂಗೆಯದೋ ಕವಲುಕಡ್ಡಿ, ಅಂಗೈಯ ಮೇಲೆ ನಿಲ್ಲಿಸಿದ ತೆಂಗಿನಕಾಯಿ, ತಾಮ್ರದ ಸರಳು, ದಾರಕ್ಕೆ ಕಟ್ಟಿದ ಉಂಗುರ — ಸಾಧನ ಯಾವುದಾದರೂ ಆಗಲಿ, ಹೇಳಿಕೆ ಒಂದೇ: ಕಣ್ಣಿಗೆ ಕಾಣದ್ದು ಎಲ್ಲಿದೆಯೆಂದು ಇದು ಬಲ್ಲದು. ನೆಲದಡಿಯ ನೀರು, ಕಳೆದುಹೋದ ಒಡವೆ, ಕದ್ದ ಕಳ್ಳ, ಹೂತಿಟ್ಟ ನಿಧಿ ಎಲ್ಲವನ್ನೂ ಇದು ತೋರಿಸಬಲ್ಲದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಮಾತ್ರವಲ್ಲ, ಪದವಿ ಪಡೆದ ನಮ್ಮ ಸಂಘದ ಸದಸ್ಯರ ಮನೆಗಳಲ್ಲಿಯೂ ಭದ್ರವಾಗಿ ಕುಳಿತಿದೆ. ಈ ನಂಬಿಕೆ ಸುಳ್ಳು ಎಂಬುದು ನಮ್ಮ ವಾದ. ಸುಳ್ಳಾದರೂ ನಿರಪಾಯ ಎಂದು ಹೇಳುವವರಿಗೂ ನಮ್ಮಲ್ಲಿ ಉತ್ತರವಿದೆ.

ಮೊದಲಿಗೆ, ಕೋಲು ಬಾಗುವುದು ನಿಜ. ಅದನ್ನು ಅಲ್ಲಗಳೆಯುವವರು ನಾವಲ್ಲ. ಹಿಡಿದವನು ಬೇಕೆಂದೇ ಬಾಗಿಸುತ್ತಾನೆಂದೂ ನಾವು ಹೇಳುವುದಿಲ್ಲ. ಅವರಲ್ಲಿ ಹಲವರು ಪ್ರಾಮಾಣಿಕರು. ಪ್ರಶ್ನೆ ಇರುವುದು ಕೋಲನ್ನು ಬಾಗಿಸುವುದು ಯಾವುದೆಂಬುದರಲ್ಲಿ. ಇದಕ್ಕೆ ಉತ್ತರ ದೊರೆತು ಇನ್ನೂರು ವರ್ಷಗಳಾಗುತ್ತ ಬಂದವು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೂಲ್, ದಾರಕ್ಕೆ ಕಟ್ಟಿದ ಲೋಲಕವನ್ನು ಪಾದರಸದ ಮೇಲೆ ಹಿಡಿದಾಗ ಅದು ತಾನಾಗಿ ತೂಗಾಡುವುದನ್ನು ಕಂಡ. ನಡುವೆ ಗಾಜಿನ ಹಲಗೆಯನ್ನು ಇಟ್ಟಾಗ ತೂಗಾಟ ನಿಂತಿತು. ಅಲ್ಲಿಗೇ ಬಿಟ್ಟಿದ್ದರೆ ಅವನೂ ಲೋಲಕದ ಭಕ್ತನಾಗುತ್ತಿದ್ದ. ಅವನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತನ್ನ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಗಾಜನ್ನು ಯಾವಾಗ ಇಟ್ಟರು ಯಾವಾಗ ತೆಗೆದರು ಎಂಬುದು ತನಗೆ ತಿಳಿಯದಂತೆ ಮಾಡಿಸಿದ. ಆಗ ಗಾಜಿನಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ನೋಡುವ ಕಣ್ಣು, ನಿರೀಕ್ಷಿಸುವ ಮನಸ್ಸು, ಅದಕ್ಕೆ ಅರಿವಿಲ್ಲದೆ ಓಗೊಡುವ ಬೆರಳು — ಇಷ್ಟೇ ಲೋಲಕದ ರಹಸ್ಯವೆಂದು ಅವನು ಆಂಪಿಯರ್‌ಗೆ ಬರೆದ ಪತ್ರ 1833ರಲ್ಲಿ ಪ್ರಕಟವಾಯಿತು. ಕವಲುಕಡ್ಡಿಯ ಸ್ಥಿತಿಯೂ ಅದೇ. ಎರಡು ಕವಲುಗಳನ್ನು ಅಗಲಿಸಿ ಬಿಗಿಹಿಡಿದಾಗ ಕಡ್ಡಿ ಬಿಲ್ಲಿನಂತೆ ಸೆಟೆದು ನಿಲ್ಲುತ್ತದೆ. ಮಣಿಕಟ್ಟು ಕೂದಲೆಳೆಯಷ್ಟು ತಿರುಗಿದರೂ ತುದಿ ರಪ್ಪನೆ ಬೀಳುತ್ತದೆ. ಹಿಡಿದವನಿಗೆ ತನ್ನ ಕೈ ತಿರುಗಿದ್ದು ತಿಳಿಯುವುದಿಲ್ಲ, ಕಡ್ಡಿ ಎಳೆದದ್ದು ಮಾತ್ರ ತಿಳಿಯುತ್ತದೆ.

‘ಸಿದ್ಧಾಂತ ಹಾಗಿರಲಿ, ಪರೀಕ್ಷೆ ಮಾಡಿ ನೋಡಿದ್ದಾರೆಯೆ?’ ಎಂದು ಕೇಳಬಹುದು. ನೋಡಿದ್ದಾರೆ. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಸರ್ಕಾರದ ಹಣದಿಂದಲೇ ದೊಡ್ಡ ಪ್ರಯೋಗವೊಂದು ನಡೆಯಿತು. ಎರಡಂತಸ್ತಿನ ಕಣಜದ ಕೆಳಗಿನ ಅಂತಸ್ತಿನಲ್ಲಿ ಗಾಡಿಯ ಮೇಲೆ ನೀರಿನ ಕೊಳವೆ. ಮೇಲಿನ ಅಂತಸ್ತಿನಲ್ಲಿ ಹತ್ತು ಮೀಟರಿನ ಗೆರೆಯುದ್ದಕ್ಕೂ ಕೋಲು ಹಿಡಿದು ನಡೆದು ‘ಕೊಳವೆ ಇಲ್ಲಿದೆ’ ಎಂದು ಹೇಳಬೇಕು. ಸುಮಾರು 500 ಜನರಲ್ಲಿ ಅತ್ಯುತ್ತಮರೆಂದು ಆಯ್ದ 43 ಮಂದಿ 843 ಬಾರಿ ಪ್ರಯತ್ನಿಸಿದರು. ಪ್ರಯೋಗ ನಡೆಸಿದವರು ಕೆಲವೇ ಮಂದಿಯಲ್ಲಿ ವಿಶೇಷ ಶಕ್ತಿ ಕಂಡಿತೆಂದು ಸಾರಿದರು. ಆದರೆ 1999ರಲ್ಲಿ ಅದೇ ಅಂಕಿಗಳನ್ನು ಮರಳಿ ಪರಿಶೀಲಿಸಿದ ವಿಜ್ಞಾನಿ ಎನ್‌ರೈಟ್, ಆ ಕೆಲವರೂ ಒಮ್ಮೆ ತೋರಿದ ಕೌಶಲವನ್ನು ಮತ್ತೊಮ್ಮೆ ತೋರಲಾರದೆ ಹೋದುದನ್ನೂ ಫಲಿತಾಂಶವೆಲ್ಲ ಕಣ್ಣುಮುಚ್ಚಿ ಊಹಿಸಿದಂತೆಯೇ ಇರುವುದನ್ನೂ ತೋರಿಸಿದ. 1990ರಲ್ಲಿ ಅದೇ ದೇಶದ ಕಾಸೆಲ್ ನಗರದಲ್ಲಿ 30 ಮಂದಿಯನ್ನು ಮೂರು ದಿನ ಪರೀಕ್ಷಿಸಿದಾಗಲೂ, ನೆಲದಡಿಯ ಕೊಳವೆಯಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಎಂಬಷ್ಟನ್ನೇ ಹೇಳಬೇಕಾಗಿದ್ದರೂ, ಫಲಿತಾಂಶ ಊಹೆಯ ಮಟ್ಟವನ್ನು ದಾಟಲಿಲ್ಲ.

‘ಅದೆಲ್ಲ ಜರ್ಮನಿಯ ಮಾತು. ನಮ್ಮ ತೋಟದಲ್ಲಿ ಕಾಯಿ ಎದ್ದು ನಿಂತ ಕಡೆ ಬೋರು ಹಾಕಿದೆವು, ಎರಡಿಂಚು ನೀರು ಬಂತಲ್ಲ ಮೇಷ್ಟ್ರೇ?’ ಎಂದು ನಮ್ಮ ಹಳೆಯ ವಿದ್ಯಾರ್ಥಿಗಳೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಅದಕ್ಕೆ ನ್ಯಾಯವಾದ ಉತ್ತರವನ್ನೇ ಕೊಡಬೇಕು. ನಮ್ಮದು ಕಗ್ಗಲ್ಲಿನ ಸೀಮೆ. ಹಳೆಯ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರು. ಇಲ್ಲಿ ನೀರು ನೆಲದಡಿ ನರಗಳಂತೆ ಹರಿಯುವುದಿಲ್ಲ; ಮೇಲ್ಪದರದ ಕೊಳೆತ ಕಲ್ಲಿನಲ್ಲಿ ನಿಲ್ಲುತ್ತದೆ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಸೇರಿಕೊಳ್ಳುತ್ತದೆ. ಕೆರೆಯ ಹಿಂದೆ, ಹಳ್ಳದ ಬದಿಯಲ್ಲಿ, ತಗ್ಗಿನಲ್ಲಿ ಎಲ್ಲಿ ಕೊರೆದರೂ ಬಿರುಕು ಸಿಗುವ ಸಂಭವ ಹೆಚ್ಚು. ನೀರು ನೋಡುವವನು ಅನುಭವಸ್ಥನಾದರೆ ಅವನ ಕಾಲು ತಾನಾಗಿ ಅಂಥ ಕಡೆಗೇ ನಡೆಯುತ್ತದೆ. ಹೆಸರು ಮಾತ್ರ ಕಾಯಿಗೆ ಬರುತ್ತದೆ. ಇನ್ನೊಂದು ಮಾತು. ನೀರು ಬಂದ ಬೋರಿನ ಸುದ್ದಿ ಸಂತೆಯವರೆಗೂ ಹೋಗುತ್ತದೆ. ಬತ್ತಿದ ಬೋರಿನ ಬಾಯಿಗೆ ಚಪ್ಪಡಿ ಮುಚ್ಚಿ ಸುಮ್ಮನಾಗುತ್ತಾರೆ. ನಮ್ಮ ನೆರೆಯ ರೈತರೊಬ್ಬರು ಹೀಗೆ ಐದು ಕಡೆ ಪಾಯಿಂಟ್ ಹಾಕಿಸಿ, ಐದನೆಯದರಲ್ಲಿ ನೀರು ಕಂಡರು. ನಾಲ್ಕಕ್ಕೂ ನೀರು ನೋಡಿದವನು ಕಾರಣ ಕೊಟ್ಟಿದ್ದ: ರಿಗ್ಗಿನವರು ಎರಡಡಿ ಆಚೆ ನಿಲ್ಲಿಸಿದರು, ಇನ್ನೂ ಐವತ್ತಡಿ ಇಳಿಸಬೇಕಿತ್ತು, ಮೈಲಿಗೆಯವರು ದಾಟಿದರು. ಐದನೆಯದಕ್ಕೆ ಕಾರಣ ಕೊಡಬೇಕಾಗಿ ಬರಲಿಲ್ಲ, ಸನ್ಮಾನ ಸಿಕ್ಕಿತು. ನಾಲ್ಕು ಬೋರಿನ ಸಾಲವನ್ನು ತೀರಿಸಲು ಆ ರೈತರು ಮೂರು ಎಕರೆ ಮಾರಿದರು. ಇದನ್ನು ನಿರಪಾಯವೆನ್ನಲು ನಮಗೆ ನಾಲಗೆ ಬಾರದು.

ಕೋಲನ್ನು ಬಿಡಿ ಎಂದರೆ ‘ನೀವು ಪರಂಪರೆಯನ್ನು ಹಳಿಯುತ್ತೀರಿ’ ಎನ್ನುವವರಿದ್ದಾರೆ. ಅವರು ಪರಂಪರೆಯನ್ನು ಓದಿದವರಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅಂತರ್ಜಲಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಸುಮಾರು 1025ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿಯೂ ನೆಲದ ನೀರನ್ನು ಅರಿಯುವ ಭಾಗವಿದೆ. ಅವರು ನೋಡಿರೆಂದು ಹೇಳುವುದು ಮರವನ್ನು, ಹುತ್ತವನ್ನು, ಮಣ್ಣಿನ ಬಣ್ಣವನ್ನು, ಕಲ್ಲಿನ ಬಗೆಯನ್ನು. ಅವರ ಎಲ್ಲ ಸೂಚನೆಗಳೂ ಇಂದಿನ ಒರೆಗೆ ನಿಲ್ಲುತ್ತವೆಂದು ನಾವು ಹೇಳುವುದಿಲ್ಲ. ಆದರೆ ಅವರ ದಾರಿ ಕಣ್ಣು ತೆರೆದು ನೋಡುವ ದಾರಿ. ವಿಚಿತ್ರವೆಂದರೆ, ಗಣಿಗಾರಿಕೆಯನ್ನು ಕುರಿತು 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಲ್ಯಾಟಿನ್ ಗ್ರಂಥವೂ ಕವಲುಕಡ್ಡಿಯನ್ನು ವರ್ಣಿಸಿ, ವಿವೇಕಿಯಾದ ಗಣಿಗಾರನು ನಿಸರ್ಗದ ಗುರುತುಗಳನ್ನು ಬಲ್ಲವನಾದ್ದರಿಂದ ಅವನಿಗೆ ಕಡ್ಡಿಯ ಹಂಗಿಲ್ಲವೆಂಬ ಅಭಿಪ್ರಾಯವನ್ನೇ ಕೊಡುತ್ತದೆ. ಪೂರ್ವದ ಚಾವುಂಡರಾಯನೂ ಪಶ್ಚಿಮದ ಅಗ್ರಿಕೋಲನೂ ನೆಲವನ್ನು ನೋಡಿರೆಂದರು. ನಾವು ನೆಲವನ್ನು ಬಿಟ್ಟು ಕೋಲನ್ನು ನೋಡುತ್ತ ನಿಂತಿದ್ದೇವೆ.

ನೀರಿನ ವಿಷಯದಲ್ಲಿ ಹೋಗುವುದು ಹಣ. ಕಳ್ಳತನದ ವಿಷಯದಲ್ಲಿ ಹೋಗುವುದು ಮಾನ. ಇಲ್ಲಿ ನಾವು ಅನ್ಯರನ್ನು ದೂರುವ ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳಬೇಕು. ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಮಾತು. ನಾವು ಆಗಷ್ಟೇ ಮುಖ್ಯೋಪಾಧ್ಯಾಯರಾಗಿದ್ದೆವು. ಮಕ್ಕಳಿಂದ ಸಂಗ್ರಹಿಸಿದ ಪರೀಕ್ಷಾ ಶುಲ್ಕ 640 ರೂಪಾಯಿ ಕಾಣೆಯಾಯಿತು. ಊರ ಹಿರಿಯರೊಬ್ಬರು ‘ಪೊಲೀಸರೇಕೆ ಮೇಷ್ಟ್ರೇ, ಉಂಗುರ ನೋಡುವವನೊಬ್ಬನಿದ್ದಾನೆ’ ಎಂದು ಒಬ್ಬನನ್ನು ಕರೆತಂದರು. ಅವನು ಕಚೇರಿಯ ಬೀಗದ ಕೈ ಮುಟ್ಟುವವರ ಹೆಸರನ್ನೆಲ್ಲ ಕೇಳಿ, ಚೀಟಿಗಳ ಮೇಲೆ ಬರೆಸಿ, ಸಾಲಾಗಿ ಇಡಿಸಿದ. ದಾರಕ್ಕೆ ಕಟ್ಟಿದ ಉಂಗುರ ಏಳು ಚೀಟಿಗಳ ಮೇಲೆ ಸುಮ್ಮನಿತ್ತು. ಎಂಟನೆಯದರ ಮೇಲೆ ಸುತ್ತತೊಡಗಿತು. ಅದು ಬೆಳಗ್ಗೆ ಬಂದು ಕೊಠಡಿಗಳ ಬಾಗಿಲು ತೆರೆಯುತ್ತಿದ್ದ ಹತ್ತನೆಯ ತರಗತಿಯ ಹುಡುಗನ ಹೆಸರು. ಕೂಲಿಯವರ ಮಗ. ಹುಡುಗ ‘ನಾನಲ್ಲ ಸಾರ್’ ಎಂದು ಎರಡು ಸಲ ಹೇಳಿದ. ನಾವು ಅವನನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಆದರೆ ‘ನೀನಲ್ಲವೆಂದು ನಮಗೆ ಗೊತ್ತು’ ಎಂಬ ಒಂದು ಮಾತನ್ನೂ ಆಡಲಿಲ್ಲ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ.

ಮೂರು ತಿಂಗಳ ನಂತರ ತಪಾಸಣೆಗಾಗಿ ಹಳೆಯ ದಾಖಲಾತಿ ಪುಸ್ತಕಗಳನ್ನು ತೆಗೆದಾಗ ಒಂದರೊಳಗೆ ಲಕೋಟೆ ಇತ್ತು. ಲಕೋಟೆಯ ಮೇಲೆ ನಮ್ಮದೇ ಅಕ್ಷರ; ಒಳಗೆ 640 ರೂಪಾಯಿ. ನಾವು ಅಂದೇ ಸಂಜೆ ಆ ಹುಡುಗನ ಮನೆಗೆ ಹೋದೆವು. ಅವನು ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ್ದ. ಅವನ ತಂದೆ ‘ಇರಲಿ ಬಿಡಿ ಸ್ವಾಮಿ, ಅವನ ಹಣೆಯಲ್ಲಿ ಅಷ್ಟೇ ಬರೆದಿತ್ತು’ ಎಂದರು. ಹಣೆಯಲ್ಲಿ ಬರೆದಿರಲಿಲ್ಲ, ಚೀಟಿಯಲ್ಲಿ ನಾವು ಬರೆದಿದ್ದೆವು. ಆ ಉಂಗುರ ಎಂಟನೆಯ ಚೀಟಿಯ ಮೇಲೆಯೇ ಏಕೆ ಸುತ್ತಿತೆಂದು ಈಗ ನಮಗೆ ಚೆನ್ನಾಗಿ ತಿಳಿದಿದೆ. ಆ ಹೆಸರನ್ನು ಓದಿದಾಗ ಕೋಣೆಯಲ್ಲಿದ್ದ ದೊಡ್ಡವರೆಲ್ಲರ ಮುಖದ ಮೇಲೆ ಮೂಡಿದ ಅನುಮಾನವನ್ನು ದಾರ ಹಿಡಿದವನು ಕಂಡಿದ್ದ. ಅನುಮಾನ ಯಾವಾಗಲೂ ಬಡವನ ಮನೆಯ ದಾರಿಯನ್ನೇ ಹಿಡಿಯುತ್ತದೆ. ಉಂಗುರ ಅದರ ಹಿಂದೆ ಹೋಯಿತು.

ಇಂಥದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1692ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಒಬ್ಬ ಮದ್ಯದ ವ್ಯಾಪಾರಿಯೂ ಅವನ ಹೆಂಡತಿಯೂ ಕೊಲೆಯಾದಾಗ, ಜಾಕ್ ಐಮಾರ್ ಎಂಬ ರೈತ ಕವಲುಗೋಲು ಹಿಡಿದು ಕೊಲೆಗಾರರ ಜಾಡು ಹಿಡಿಯುವೆನೆಂದು ಹೊರಟ. ಕೋಲು ಒಂದು ಸೆರೆಮನೆಯಲ್ಲಿದ್ದ ಗೂನುಬೆನ್ನಿನವನನ್ನು ತೋರಿಸಿತು. ಅವನು ತಪ್ಪೊಪ್ಪಿಕೊಂಡನೆಂದು ದಾಖಲಿಸಿ, ಚಕ್ರಕ್ಕೆ ಕಟ್ಟಿ ಕೊಂದರು. ಐಮಾರನ ಕೀರ್ತಿ ದೇಶವೆಲ್ಲ ಹಬ್ಬಿತು. ಮುಂದಿನ ವರ್ಷ ಕೊಂಡೆಯ ರಾಜಕುಮಾರನು ಅವನನ್ನು ಪ್ಯಾರಿಸ್ಸಿಗೆ ಕರೆಸಿ, ತೋಟದಲ್ಲಿ ಗುಂಡಿಗಳನ್ನು ತೋಡಿಸಿ, ಕೆಲವದರಲ್ಲಿ ಲೋಹಗಳನ್ನೂ ಕೆಲವದರಲ್ಲಿ ಕಲ್ಲನ್ನೂ ಹೂಳಿಸಿ ಪರೀಕ್ಷಿಸಿದ. ಐಮಾರ್ ಸೋತ. ಪರೀಕ್ಷೆ ಮೊದಲು ನಡೆದು ಶಿಕ್ಷೆ ಆಮೇಲೆ ಬರಬೇಕಿತ್ತು. ಅಲ್ಲಿಯೂ ನಮ್ಮ ಶಾಲೆಯಲ್ಲಿಯೂ ಶಿಕ್ಷೆಯೇ ಮೊದಲು ಬಂತು.

ಕಾಲ ಬದಲಾಗಿದೆ, ಇಂದು ಯಾರು ನಂಬುತ್ತಾರೆ ಎನ್ನುವಿರಾ? ನಮ್ಮ ಕಾಲದಲ್ಲಿಯೇ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ‘ಎಡಿಇ 651’ ಎಂಬ ಹೆಸರಿಟ್ಟು ಬಾಂಬ್ ಪತ್ತೆ ಸಾಧನವನ್ನು ಇರಾಕಿನ ಸರ್ಕಾರಕ್ಕೇ ಕೋಟಿಗಟ್ಟಲೆ ಬೆಲೆಗೆ ಮಾರಿದ. ಅದು ಹಿಡಿಕೆಗೆ ಸಿಕ್ಕಿಸಿದ, ಸಡಿಲವಾಗಿ ತಿರುಗುವ ಒಂದು ಸರಳು. ಕೆಲಸ ಮಾಡಬಲ್ಲ ಯಾವ ಯಂತ್ರಭಾಗವೂ ಅದರಲ್ಲಿರಲಿಲ್ಲ. ನಮ್ಮ ಕೆರೆ ಏರಿಯ ಮೇಲೆ ನಡೆದಾಡಿದ ತಾಮ್ರದ ಸರಳಿಗೂ ಅದಕ್ಕೂ ಅಂಗಿಯ ಭೇದ ಮಾತ್ರ. ಬಾಗ್ದಾದಿನ ತಪಾಸಣಾ ಠಾಣೆಗಳಲ್ಲಿ ಸೈನಿಕರು ಅದನ್ನೇ ನಂಬಿ ವಾಹನಗಳನ್ನು ಒಳಗೆ ಬಿಟ್ಟರು. 2009ರಲ್ಲಿ ಆ ನಗರದಲ್ಲಿ ಬಾಂಬುಗಳು ಸಿಡಿದು ನೂರಾರು ಜನ ಸತ್ತರು. 2013ರಲ್ಲಿ ಲಂಡನ್ನಿನ ನ್ಯಾಯಾಲಯ ಮೆಕಾರ್ಮಿಕ್‌ನಿಗೆ 10 ವರ್ಷಗಳ ಸೆರೆವಾಸ ವಿಧಿಸಿತು. ಆದ್ದರಿಂದ ಈ ಮೌಢ್ಯ ಹಳ್ಳಿಗರದು, ಓದದವರದು ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ.

ಇನ್ನು ನಿಧಿ. ಹೊನ್ನಿನ ಆಸೆಗೆ ನಮ್ಮ ಶಾಸನಗಳೇ ಆಹಾರವಾಗುತ್ತಿರುವುದು ದೊಡ್ಡ ದುರಂತ. ದತ್ತಿಶಾಸನಗಳಲ್ಲಿ ‘ನಿಧಿ, ನಿಕ್ಷೇಪ, ಜಲ, ಪಾಷಾಣ’ ಎಂದು ಮೊದಲಾಗುವ ಅಷ್ಟಭೋಗಗಳ ಹೆಸರು ಬರುತ್ತದೆ. ಭೂಮಿಯನ್ನು ದಾನವಾಗಿ ಪಡೆದವನಿಗೆ ಅದರ ಮೇಲಣ ಎಲ್ಲ ಹಕ್ಕುಗಳೂ ಸೇರುತ್ತವೆಂದು ಹೇಳುವ ಕ್ರಯಪತ್ರದ ಭಾಷೆ ಅದು. ಇಂದಿನ ನೋಂದಣಿ ಪತ್ರದಲ್ಲಿಯೂ ಅಂಥ ಮಾತು ಇರುತ್ತದೆ. ಅರ್ಧ ಓದಬಲ್ಲವನು ಅದರಲ್ಲಿ ‘ನಿಧಿ’ ಎಂಬ ಎರಡಕ್ಷರ ಕಂಡು, ಕಲ್ಲಿನ ಕೆಳಗೆ ಕೊಪ್ಪರಿಗೆ ಇದೆಯೆಂದು ಸುದ್ದಿ ಹಬ್ಬಿಸುತ್ತಾನೆ. ಸರಳು ಹಿಡಿದವನ ಕೈಗೆ ಆ ಸುದ್ದಿ ಮೊದಲೇ ತಲುಪಿರುತ್ತದೆ. ಕಲ್ಲಿನ ಮುಂದೆ ಸರಳುಗಳು ಕೂಡದೆ ಇನ್ನೇನು ಮಾಡಿಯಾವು? ವೀರಗಲ್ಲನ್ನು ನಿಲ್ಲಿಸಿದವರು ಮಡಿದ ಮಗನಿಗಾಗಿ ಅತ್ತವರು. ಅವರ ಬಳಿ ಹೂಳಲು ಹೊನ್ನಿತ್ತೆಂದು ನಂಬುವುದಕ್ಕೆ ಯಾವ ಆಧಾರವಿದೆ?

ನಾವು ಗಡಿನಾಡ ಕನ್ನಡಿಗರು ಈ ಮಾತನ್ನು ಬೇರೆಯವರಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು. ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ಗುಡಿಗಳಿಗೂ ಶಿಲ್ಪಗಳಿಗೂ ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆ. ಆದರೆ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಪಾಳು ಗುಡಿಯ ಅಂಗಳದಲ್ಲಿ ನಿಂತ ಕಲ್ಲುಗಳಿಗೆ ಯಾರ ಕಾವಲಿದೆ? ನಮ್ಮ ಹಕ್ಕುಗಳಿಗಾಗಿ ನಾವು ಮನವಿಪತ್ರ ಬರೆಯುವಾಗಲೆಲ್ಲ ‘ಈ ನೆಲದಲ್ಲಿ ಕನ್ನಡ ಪ್ರಾಚೀನ’ ಎಂದು ಬರೆಯುತ್ತೇವೆ. ಆ ಮಾತಿಗೆ ಸಾಕ್ಷಿ ಹೇಳುವವು ಈ ಕಲ್ಲುಗಳೇ. ಸಾಕ್ಷಿಯನ್ನು ನಮ್ಮವರೇ ರಾತ್ರಿ ಒಡೆದು, ಹಗಲು ಸಮ್ಮೇಳನದಲ್ಲಿ ಕನ್ನಡ ಉಳಿಯಲಿ ಎಂದು ಘೋಷಿಸಿದರೆ ಫಲವೇನು?

ಕಾನೂನು ಇಲ್ಲವೆಂದಲ್ಲ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚಿನ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಲೇಬೇಕು. ಮಹಾರಾಷ್ಟ್ರವು 2013ರಲ್ಲಿ, ಕರ್ನಾಟಕವು 2017ರಲ್ಲಿ ಅಮಾನುಷ ಆಚರಣೆ ಹಾಗೂ ಮಾಟಮಂತ್ರಗಳ ವಿರುದ್ಧ ಕಾಯಿದೆ ಮಾಡಿದವು. ಆದರೆ ಕಾಯಿದೆ ಗುಂಡಿ ತೋಡಿದ ಮೇಲೆ ಬರುತ್ತದೆ. ತೋಡುವ ಮೊದಲು ಬರಬೇಕಾದದ್ದು ವಿವೇಕ. ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ ಪವಾಡಗಳನ್ನು ಪರಿಶೀಲಿಸುವ ಸಮಿತಿಯನ್ನು ರಚಿಸಿದರು. ಅವರು ಯಾರ ನಂಬಿಕೆಯನ್ನೂ ಕಿತ್ತುಕೊಳ್ಳಲಿಲ್ಲ. ತೋರಿಸಿ, ನೋಡೋಣ ಎಂದರು. ನಾವೂ ಅಷ್ಟನ್ನೇ ಕೇಳುತ್ತೇವೆ.

ಪರೀಕ್ಷೆ ಕಷ್ಟದ್ದಲ್ಲ, ಖರ್ಚಿನದೂ ಅಲ್ಲ. ಹತ್ತು ಮಣ್ಣಿನ ಮಡಕೆಗಳನ್ನು ತನ್ನಿ. ಒಂದರಲ್ಲಿ ನೀರು, ಉಳಿದವುಗಳಲ್ಲಿ ಮರಳು ತುಂಬಿ, ಬಾಯಿ ಮುಚ್ಚಿ ಸಾಲಾಗಿ ಇಡಿ. ಇಟ್ಟವನು ಅಲ್ಲಿಂದ ಹೊರಟುಹೋಗಲಿ. ಕೋಲು ಹಿಡಿದವನ ಬಳಿ ಇರುವ ಯಾರಿಗೂ ನೀರು ಎಲ್ಲಿದೆಯೆಂದು ತಿಳಿದಿರಬಾರದು. ಪ್ರತಿ ಸಲವೂ ಸ್ಥಾನ ಬದಲಿಸಿ ಮೂರು ಸಲ ಕೇಳಿ. ಬರಿಯ ಊಹೆಯಿಂದ ಒಂದು ಸಲ ಸರಿಯಾಗುವ ಸಂಭವ ಹತ್ತರಲ್ಲಿ ಒಂದು. ಮೂರೂ ಸಲ ಸರಿಯಾಗುವ ಸಂಭವ ಸಾವಿರದಲ್ಲಿ ಒಂದು. ಮುನ್ನೂರಡಿ ಆಳದ ನೀರನ್ನು ಕಾಣಬಲ್ಲವನಿಗೆ ಮೂರಂಗುಲ ದೂರದ ನೀರು ಕಾಣದೆ ಹೋಗಬಾರದು. ಮೂರೂ ಸಲ ಗೆದ್ದವನು ಬಂದರೆ ಈ ಲೇಖನವನ್ನು ನಾವೇ ಸಂಘದ ವೇದಿಕೆಯಲ್ಲಿ ಹರಿದುಹಾಕುತ್ತೇವೆ.

ಕೊನೆಗೆ ಸಂಘದ ಬಂಧುಗಳಲ್ಲಿ ಮೂರು ಬಿನ್ನಹಗಳು. ಒಂದು, ಮನೆಯಲ್ಲಿ ಏನಾದರೂ ಕಳೆದರೆ ಪೆಟ್ಟಿಗೆಗಳನ್ನೂ ಪುಸ್ತಕಗಳನ್ನೂ ಇನ್ನೊಮ್ಮೆ ಹುಡುಕಿ. ಕಳ್ಳತನವೇ ಆಗಿದ್ದರೆ ಠಾಣೆಗೆ ದೂರು ಕೊಡಿ. ಯಾರ ಹೆಸರನ್ನೂ ಚೀಟಿಯಲ್ಲಿ ಬರೆದು ಉಂಗುರದ ಕೆಳಗೆ ಇಡಬೇಡಿ. ಎರಡು, ಬೋರು ಹಾಕಿಸುವ ಮೊದಲು ಭೂಗರ್ಭ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಸುತ್ತಲಿನ ಬತ್ತಿದ ಬೋರುಗಳನ್ನೂ ಎಣಿಸಿ. ಅವರ ಲೆಕ್ಕವೂ ಕೆಲವೊಮ್ಮೆ ತಪ್ಪೀತು. ಆದರೆ ಏಕೆ ತಪ್ಪಿತೆಂದು ಅವರನ್ನು ಕೇಳಬಹುದು. ಮೂರು, ಮುಂದಿನ ಸಮ್ಮೇಳನದೊಳಗೆ ಪ್ರತಿ ಸದಸ್ಯ ಕುಟುಂಬವೂ ತನ್ನ ಊರಿನ ಒಂದು ಶಾಸನದ ಅಥವಾ ವೀರಗಲ್ಲಿನ ಛಾಯಾಚಿತ್ರ ತೆಗೆದು, ಅದಿರುವ ಸ್ಥಳವನ್ನು ಬರೆದು ಸಂಘಕ್ಕೆ ತಲುಪಿಸಲಿ. ಬಚ್ಚಿಟ್ಟ ಸಂಪತ್ತನ್ನು ಹುಡುಕುವ ಹಂಬಲ ಅಷ್ಟಿದ್ದರೆ ಆ ಹುಡುಕಾಟ ಹಗಲಿನಲ್ಲಿ, ಮಕ್ಕಳ ಕೈ ಹಿಡಿದುಕೊಂಡು ನಡೆಯಲಿ.

ಒಡೆದ ವೀರಗಲ್ಲಿನ ಮೂರು ತುಂಡುಗಳನ್ನು ಊರಿನ ಯುವಕರು ಎತ್ತಿ ತಂದು ಶಾಲೆಯ ಜಗುಲಿಯ ಮೇಲೆ ಇಟ್ಟಿದ್ದಾರೆ. ಎರಡನೆಯ ಸಾಲಿನ ನಡುವೆ ನಾಲ್ಕು ಅಕ್ಷರಗಳು ಪುಡಿಯಾಗಿ ಹೋಗಿವೆ. ನಮಗೆ ಅವು ಬಾಯಿಗೆ ಬರುತ್ತವೆ. ಸಮ್ಮೇಳನ ಮುಗಿದ ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಅಲ್ಲಿ ಕುಳಿತು ಮಕ್ಕಳಿಗೆ ಅವನ್ನು ಬರೆಸಲಿದ್ದೇವೆ. ಬಿಡುವಿರುವವರು ಮಕ್ಕಳೊಡನೆ ಬನ್ನಿ.